ಆಟ ಮಕ್ಕಳದ್ದು, ಬೀಗ ದೊಡ್ಡವರದ್ದು

ಕೊಡಗಿನವನು ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ಎದುರಾಗುವ ಪ್ರಶ್ನೆಗಳು ಮೂರು. ಕಾಫಿ ತೋಟ ಎಷ್ಟು ಎಕರೆ? ಹಾಕಿ ಆಡ್ತೀಯಾ? ಮನೇಲಿ ನಿಜವಾದ ಗನ್ ಇದ್ಯಾ? ಮೊದಲೆರಡಕ್ಕೆ ನನ್ನ ಉತ್ತರ ಕೇಳಿ ಗೆಳೆಯರಿಗೆ ನಿರಾಸೆಯಾಗುತ್ತದೆ. ತೋಟ ಚಿಕ್ಕದು, ಹಾಕಿ ನನಗೆ ಬರುವುದಿಲ್ಲ. ಮೂರನೆಯದಕ್ಕೆ ‘ಇದೆ’ ಅಂದರೆ ಸಾಕು, ಮಂಚದ ಮೇಲೆ ಮಲಗಿ ಬಿಜಿಎಂಐ ಆಡುತ್ತಿದ್ದವನೂ ಎದ್ದು ಕೂರುತ್ತಾನೆ. ‘ಹಾಗಾದ್ರೆ ಚಿಕ್ಕಂದಿನಲ್ಲಿ ಅದರಲ್ಲೇ ಆಡ್ತಿದ್ಯಾ?’

ಇಲ್ಲ ಮಾರಾಯರೇ. ನಾನು ಆಡಿದ್ದು ನೀವೆಲ್ಲ ಆಡಿದ್ದರಲ್ಲೇ. ದೀಪಾವಳಿಯ ಕೇಪಿನ ಪಿಸ್ತೂಲು, ಕಾಯಿ ತುಂಬಿಸಿ ಹೊಡೆಯುವ ಬಿದಿರಿನ ಪೆಟ್ಲಕೋವಿ, ಏನೂ ಸಿಗದಿದ್ದರೆ ಎರಡು ಬೆರಳು. ನಿಜವಾದ ಕೋವಿ ಮನೆಯಲ್ಲಿತ್ತು ನಿಜ. ಆದರೆ ಅದು ಅಪ್ಪನ ಹೆಸರಲ್ಲಿತ್ತು, ಅದರ ಬೀಗದ ಕೈ ಅವ್ವನ ಹತ್ತಿರ ಇತ್ತು. ನಮ್ಮ ಮನೆಯ ಕೋವಿ ಶಾಸ್ತ್ರವೆಲ್ಲ ಈ ಒಂದು ಸಾಲಿನಲ್ಲಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದ ಈ ರಿಯಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಈಗಿನ ಆದೇಶ 2029ರವರೆಗೆ ಇದೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ವಾಡಿಕೆ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಬೇಕು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಅದರ ಬಾಯಿಗೆ ತೋಕ್ ಪೂ ಎಂಬ ಕೆಂಪು ಹಳದಿ ಹೂವು. ಬೇಟೆಯ ಕಾಲ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು. ಈಗ ಹಬ್ಬದ ದಿನ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುತ್ತಾರೆ ಅಷ್ಟೇ.

ಇಂಥ ಮನೆಯಲ್ಲಿ ಮಕ್ಕಳು ‘ಢಂ ಢಂ’ ಅಂತ ಆಡುವುದು ಸಹಜ. ಅವ್ವ ಅದಕ್ಕೆ ಎಂದೂ ಅಡ್ಡ ಬಂದವಳಲ್ಲ. ಆದರೆ ಆಟಕ್ಕೆ ಅವಳದ್ದೇ ಕಾನೂನು ಇತ್ತು. ಮುಖಕ್ಕೆ ಗುರಿ ಇಡಬಾರದು. ‘ನಾನು ಆಟಕ್ಕಿಲ್ಲ’ ಅಂದವನಿಗೆ ಹೊಡೆಯಬಾರದು. ಯಾರಾದರೂ ನಿಜವಾಗಿ ಅತ್ತರೆ ಆಟ ಅಲ್ಲಿಗೆ ಮುಗಿಯಿತು. ನಿಜವಾದ ಕೋವಿಯ ವಿಷಯದಲ್ಲಿ ಮಾತ್ರ ಕಾನೂನು ಇನ್ನೂ ಚಿಕ್ಕದು: ಮುಟ್ಟುವಂತಿಲ್ಲ. ನೋಡಬೇಕಾ? ಕೇಳು, ಅಪ್ಪ ತೋರಿಸುತ್ತಾರೆ. ಹಬ್ಬದ ದಿನ ಅಪ್ಪ ಕೋವಿ ತೆರೆದು, ಒಳಗೆ ತೋಟೆ ಇಲ್ಲವೆಂದು ನಮ್ಮ ಕಣ್ಣಿಗೆ ತೋರಿಸಿ, ಆಮೇಲೆ ಹೂವಿಡಲು ಬಿಡುತ್ತಿದ್ದರು. ಪೂಜೆ ಮುಗಿದ ಮೇಲೆ ಮತ್ತೆ ಬೀಗ.

ಈ ವ್ಯವಸ್ಥೆಗೆ ಮೊದಲ ಸವಾಲು ಬಂದಿದ್ದು ಅಕ್ಕನಿಂದ. ಅವಳು ಬೆಂಗಳೂರಿನಲ್ಲಿದ್ದಾಳೆ, ಮಗನಿಗೆ ಆರು ವರ್ಷ. ಅವನಿಗೆ ಆಟದ ಗನ್ ಕೊಡಿಸಿಲ್ಲ. ಕಳೆದ ಬೇಸಿಗೆ ರಜೆಗೆ ಮೊದಲು ಫೋನಿನಲ್ಲಿ ಎರಡು ಮಾತು ಹೇಳಿದಳು: ಅವನಿಗೆ ಯಾರೂ ಗನ್ ಆಟ ಕಲಿಸಬಾರದು, ಕೋವಿ ಮನೆಯಲ್ಲಿ ಇರಬಾರದು. ಅಪ್ಪನಿಗೆ ಕೋಪ ಬಂತು. ‘ನೀನು ಹುಟ್ಟಿ ಬೆಳೆದಿದ್ದು ಇದೇ ಮನೇಲಿ, ನಿನಗೇನಾಯ್ತು?’ ಎಂದರು. ಎರಡು ವಾರ ಮಾತುಕತೆ ನಿಂತಿತು. ಮೊಮ್ಮಗ ರಜೆಗೆ ಬರುತ್ತಾನೋ ಇಲ್ಲವೋ ಎಂಬ ಮಟ್ಟಕ್ಕೆ ಹೋಯಿತು.

ತೀರ್ಪು ಕೊಟ್ಟವಳು ಅವ್ವ. ನಮ್ಮ ಮನೆಯಲ್ಲಿ ಮಾತು ಕೊಡವ ತಕ್ಕ್‌ನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಮೊದಲ ಮಾತಿಗೆ ಅವ್ವ ಒಪ್ಪಲಿಲ್ಲ. ‘ಗನ್ ಕಿತ್ತುಕೊಂಡರೆ ಸೌಟು ಹಿಡೀತಾನೆ, ಸೌಟು ಕಿತ್ತುಕೊಂಡರೆ ಕೋಲು, ಕೋಲು ಕಿತ್ತುಕೊಂಡರೆ ಬೆರಳು. ಬೆರಳು ಕಿತ್ತುಕೊಳ್ಳೋಕಾಗುತ್ತಾ?’ ಆದರೆ ಎರಡನೆಯ ಮಾತನ್ನು ತಳ್ಳಿಹಾಕಲಿಲ್ಲ. ‘ಅವಳು ಕೇಳಿದ್ದು ಸರಿ. ಮಗುವಿನ ತಾಯಿ ಕೇಳದೆ ಇನ್ಯಾರು ಕೇಳಬೇಕು?’ ಎಂದಳು.

ಅಪ್ಪನ ವಾದ ನಮಗೆಲ್ಲ ಪರಿಚಿತ. ಮಕ್ಕಳಿಗೆ ತಿಳಿಹೇಳಿದರೆ ಸಾಕು, ಅವರು ಮುಟ್ಟುವುದಿಲ್ಲ. ಇದು ನಿಜವಾ ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು 2001ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. 8ರಿಂದ 12 ವರ್ಷದ 64 ಹುಡುಗರನ್ನು 29 ಚಿಕ್ಕ ಗುಂಪುಗಳಾಗಿ ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರ್‌ಗಳಲ್ಲಿ ಆಟದ ನೀರಿನ ಪಿಸ್ತೂಲುಗಳ ಜೊತೆ, ಗುಂಡು ಹಾರದಂತೆ ಮಾಡಿದ್ದ ಒಂದು ನಿಜವಾದ ಪಿಸ್ತೂಲೂ ಇತ್ತು. 21 ಗುಂಪುಗಳಿಗೆ ಅದು ಸಿಕ್ಕಿತು, 16 ಗುಂಪುಗಳು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಯಾರೋ ಒಬ್ಬರು ಟ್ರಿಗರ್ ಎಳೆದೇ ಬಿಟ್ಟರು. ಪಿಸ್ತೂಲು ಕಂಡ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಆಟಿಕೆಯೋ ಅಸಲಿಯೋ ತಿಳಿಯಲಿಲ್ಲ. ಹಿಡಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಮೊದಲೇ ಬುದ್ಧಿಮಾತು ಹೇಳಿಯಾಗಿತ್ತು!

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಟದ ಕೋವಿಯನ್ನು ನಿಜವೆಂದು ನಂಬುವುದೇ ಮಕ್ಕಳ ಆಟದ ಸೊಗಸು. ನಿಜವಾದ ಕೋವಿಯನ್ನು ಆಟದ್ದೆಂದು ನಂಬುವುದು ಅದೇ ಮನಸ್ಸಿನ ಇನ್ನೊಂದು ಮಗ್ಗುಲು. ಆ ವ್ಯತ್ಯಾಸ ತಿಳಿಯುವ ಹೊಣೆಯನ್ನು ಆರು ವರ್ಷದ ಮಗುವಿನ ತಲೆಗೆ ಕಟ್ಟುವುದು ಯಾವ ನ್ಯಾಯ? ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುವುದೂ ಇದನ್ನೇ. ಗನ್ ಇಲ್ಲದ ಮನೆಯೇ ಮಕ್ಕಳಿಗೆ ಹೆಚ್ಚು ಸುರಕ್ಷಿತ. ಇಡಲೇಬೇಕಾದರೆ ಖಾಲಿಯಾಗಿರಲಿ, ಬೀಗ ಹಾಕಿರಲಿ, ಗುಂಡುಗಳು ಬೇರೆ ಕಡೆ ಬೀಗದಲ್ಲಿರಲಿ.

ಕೊನೆಗೆ ಅಪ್ಪ ಹಳೆಯ ಮರದ ಬೀರು ಬಿಟ್ಟು ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ ಮಾಡಿಸಿದರು. ತೋಟೆಗಳು ಬೇರೆ ಕೋಣೆಗೆ, ಬೇರೆ ಬೀಗಕ್ಕೆ ಹೋದವು. ಅಕ್ಕ ಬಂದು ಎರಡೂ ಬೀಗ ಎಳೆದು ನೋಡಿದಳು. ಮಗ ಮೂರನೇ ದಿನಕ್ಕೇ ಕಾಫಿ ಗಿಡದ ಕಡ್ಡಿ ಹಿಡಿದು ಅಂಗಳದಲ್ಲಿ ‘ಢಂ’ ಅಂದ. ಅವಳು ಅಡ್ಡಿಪಡಿಸಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನ್ನಂಥ ಕೆಲಸ ಹುಡುಕುವವರಿಗೆ. ಪದವಿ ಮುಗಿಸಿ ಒಂದು ವರ್ಷ ನಾನು ಮನೆಯಲ್ಲೇ ಇದ್ದೆ. ಬರೆದ ಪರೀಕ್ಷೆಗಳಲ್ಲಿ ಹೆಸರು ಬರಲಿಲ್ಲ. ಊಟ ಸೇರುತ್ತಿರಲಿಲ್ಲ, ಯಾರ ಜೊತೆಗೂ ಮಾತು ಬೇಡವಾಗಿತ್ತು. ಆ ದಿನಗಳಲ್ಲಿ ಅವ್ವ ಬೀಗದ ಕೈಯ ಜಾಗ ಬದಲಾಯಿಸಿದ್ದಳು. ಅಪ್ಪನಿಗೂ ಹೇಳಿರಲಿಲ್ಲ. ತಿಂಗಳುಗಳಾದ ಮೇಲೆ ನನಗೆ ಗೊತ್ತಾಗಿ, ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಕೇಳಿದೆ. ‘ನಿನ್ನ ಮೇಲಿದೆ ಮಗ. ಕೆಟ್ಟ ದಿನದ ಮೇಲಿಲ್ಲ’ ಎಂದಳು. ಬೀಗ ಚಿಕ್ಕ ಮಕ್ಕಳಿಗಷ್ಟೇ ಅಂದುಕೊಂಡಿದ್ದೆ. ಬೆಳೆದ ಮಕ್ಕಳಿಗೂ ಅದು ಬೇಕಾಗುವ ದಿನಗಳಿವೆ. ಮನಸ್ಸು ಕುಸಿದಾಗ ಒಂದೆರಡು ಗಂಟೆ ದಾಟಿಸುವುದೇ ದೊಡ್ಡ ಕೆಲಸ. ಆ ಹೊತ್ತಿನಲ್ಲಿ ಕೈಗೆ ಅಪಾಯ ಎಟುಕದಂತೆ ಇಡುವುದೂ, ಪಕ್ಕದಲ್ಲಿ ಕೂತು ಮಾತಾಡಿಸುವುದೂ ಮನೆಯವರು, ಗೆಳೆಯರು ಮಾಡಬಹುದಾದ ಉಪಕಾರ.

ಕೋವಿಯ ಹಕ್ಕಿನ ಬಗ್ಗೆ ನಮ್ಮಲ್ಲಿ ಸಭೆಗಳಾಗುತ್ತವೆ, ಭಾಷಣಗಳಾಗುತ್ತವೆ. ಆ ಹೆಮ್ಮೆ ನನಗೂ ಇದೆ. ಆದರೆ ಸರ್ಕಾರ ಕೊಟ್ಟಿರುವುದು ಲೈಸೆನ್ಸ್‌ನಿಂದ ವಿನಾಯಿತಿ, ಎಚ್ಚರಿಕೆಯಿಂದ ಅಲ್ಲ. ಮುಂದೊಂದು ದಿನ ಆ ಕೋವಿ ನನ್ನ ಹೆಸರಿಗೆ ಬರಬಹುದು. ನನ್ನ ಮಕ್ಕಳೂ ಕಡ್ಡಿ ಹಿಡಿದು ‘ಢಂ’ ಅನ್ನಬಹುದು, ಅನ್ನಲಿ. ಅವರ ಗೆಳೆಯರ ತಾಯಂದಿರು ‘ನಿಮ್ಮನೆ ಕೋವಿ ಬೀಗದಲ್ಲಿದೆಯಾ?’ ಎಂದು ಕೇಳಿದರೆ ಮುಖ ಸಿಂಡರಿಸದೆ, ಕರೆದುಕೊಂಡು ಹೋಗಿ ಬೀಗ ತೋರಿಸುತ್ತೇನೆ.