ಕೊನೆಯ ಗುಂಪಿನ ಗುಟ್ಟು

2011ರ ಸಾಮಾಜಿಕ-ಆರ್ಥಿಕ ಗಣತಿ ಕೃಷ್ಣರಾಜಪೇಟೆಯ ಹಳ್ಳಿಮನೆಗಳನ್ನೂ ಎಣಿಸಿತು. ಮನೆಯಲ್ಲಿ ಅತಿ ಹೆಚ್ಚು ಗಳಿಸುವವರ ತಿಂಗಳ ವರಮಾನಕ್ಕೆ ಮೂರೇ ಗುಂಪು: 5,000 ರೂಪಾಯಿಗಿಂತ ಕಡಿಮೆ, 5,000ದಿಂದ 10,000, ಅದಕ್ಕೂ ಹೆಚ್ಚು. ದೇಶದ ಗ್ರಾಮೀಣ ಮನೆಗಳಲ್ಲಿ ಇವು ಸುಮಾರು ಶೇ. 75, 17 ಮತ್ತು 8.

ಇಷ್ಟರಿಂದಲೇ ಅಸಮಾನತೆ ಅಳೆಯಬಹುದೆ? ಎಲ್ಲರಿಗೂ ಸಮಪಾಲಾದರೆ ಗಿನಿ ಸೂಚ್ಯಂಕ 0. ಒಬ್ಬನೇ ಬಾಚಿಕೊಂಡರೆ 1ರ ಸಮೀಪ. ಶಾಲೆಯ ಲೆಕ್ಕದಂತೆ ಮೊದಲೆರಡು ಗುಂಪುಗಳಿಗೆ ಮಧ್ಯಬಿಂದು 2,500, 7,500 ಹಿಡಿಯೋಣ. ಮೂರನೆಯದಕ್ಕೆ ಮೇಲ್ಮಿತಿಯೇ ಇಲ್ಲವಲ್ಲ! ಅಲ್ಲಿ ಸರಾಸರಿ 15,000 ಎಂದುಕೊಂಡರೆ ಸೂಚ್ಯಂಕ 0.34; 30,000 ಎಂದರೆ 0.47. ನೂರರಲ್ಲಿ ಎಂಟೇ ಮನೆಗಳ ಬಗೆಗಿನ ಊಹೆ ಇಡೀ ಉತ್ತರವನ್ನು ಅಲುಗಿಸಿತು. ಗುಂಪಿನೊಳಗಿನ ಏರುಪೇರನ್ನಂತೂ ಇಲ್ಲಿ ಸೇರಿಸಿಯೇ ಇಲ್ಲ. ಸೇರಿಸಿದರೆ ಎರಡೂ ಏರುತ್ತವೆ. ಎಲ್ಲ ಮನೆಗಳ ಒಟ್ಟು ಸರಾಸರಿಯೊಂದು ಗೊತ್ತಿದ್ದರೆ, ಕೊನೆಯ ಗುಂಪಿನ ಸರಾಸರಿ ಕಳೆದು ಭಾಗಿಸುವ ಲೆಕ್ಕದಲ್ಲೇ ಸಿಗುತ್ತಿತ್ತು.