ನಿಮಗಿದು ಗೊತ್ತೇ? ಜಗಳವಾಡಿದವರ ನಡುವೆ ಸ್ವಿಟ್ಜರ್‌ಲೆಂಡ್

1971ರ ಡಿಸೆಂಬರ್‌ನಲ್ಲಿ ಭಾರತ–ಪಾಕಿಸ್ತಾನಗಳ ರಾಯಭಾರ ಸಂಬಂಧ ಕಡಿದುಬಿತ್ತು. ಆಗ ಪಾಕಿಸ್ತಾನದಲ್ಲಿ ಭಾರತದ ಹಿತ ನೋಡಿಕೊಂಡದ್ದು ಸ್ವಿಟ್ಜರ್‌ಲೆಂಡ್. ಭಾರತದಲ್ಲಿ ಪಾಕಿಸ್ತಾನದ ಹಿತ ನೋಡಿಕೊಂಡದ್ದೂ ಅದೇ ಸ್ವಿಟ್ಜರ್‌ಲೆಂಡ್! 1976ರಲ್ಲಿ ಇಬ್ಬರೂ ಮತ್ತೆ ರಾಯಭಾರಿಗಳನ್ನು ಕಳಿಸುವವರೆಗೂ ಈ ಏರ್ಪಾಡು ನಡೆಯಿತು.

ಮಾತು ಬಿಟ್ಟ ಎರಡು ದೇಶಗಳ ನಡುವೆ ಪತ್ರ ಮುಟ್ಟಿಸುವುದು, ಅತ್ತ ಸಿಕ್ಕಿಕೊಂಡ ಪ್ರಜೆಗಳ ಪಾಸ್‌ಪೋರ್ಟ್ ಕೆಲಸ, ಸೆರೆಯಲ್ಲಿರುವವರ ಯೋಗಕ್ಷೇಮ: ಇಷ್ಟನ್ನೂ ಹೊತ್ತುಕೊಳ್ಳುವ ಮೂರನೆಯ ದೇಶಕ್ಕೆ ‘ರಕ್ಷಕ ರಾಷ್ಟ್ರ’ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಸ್ವಿಸ್ ಸರ್ಕಾರ 35 ದೇಶಗಳ ಪರವಾಗಿ 200ಕ್ಕೂ ಹೆಚ್ಚು ಇಂಥ ಹೊಣೆ ಹೊತ್ತಿತ್ತು.

ಟೆಹರಾನ್‌ನಲ್ಲಿ ಅಮೆರಿಕದ ಪರವಾಗಿ ಮಾತನಾಡುವ ಕೆಲಸ 1980ರಿಂದ ಸ್ವಿಸ್ ರಾಯಭಾರ ಕಚೇರಿಯದು. ವಾಷಿಂಗ್ಟನ್‌ನಲ್ಲಿ ಇರಾನಿನ ಕೆಲಸ ನೋಡುವುದು ಯಾರು ಬಲ್ಲಿರಾ? ಪಾಕಿಸ್ತಾನ.

ಈ ಕೆಲಸಕ್ಕೆ ಇಬ್ಬರ ಒಪ್ಪಿಗೆಯೂ ಬೇಕು. 2022ರಲ್ಲಿ ರಷ್ಯಾದಲ್ಲಿ ಉಕ್ರೇನಿನ ಪರ ನಿಲ್ಲಲು ಸ್ವಿಟ್ಜರ್‌ಲೆಂಡ್ ಸಿದ್ಧವಿತ್ತು, ಉಕ್ರೇನ್ ಕೂಡ ಹೂಂ ಅಂದಿತ್ತು. ಆದರೆ ತನ್ನ ಮೇಲಿನ ಯುರೋಪಿನ ನಿರ್ಬಂಧಗಳಿಗೆ ಸ್ವಿಸ್ಸರೂ ಸೇರಿಕೊಂಡಿದ್ದರಿಂದ, ‘ನೀವಿನ್ನು ತಟಸ್ಥರಲ್ಲ’ ಎಂದು ರಷ್ಯಾ ಬಾಗಿಲು ಹಾಕಿತು.

ರೆಡ್‌ಕ್ರಾಸ್ ಎಂದೊಡನೆ ಅದರ ಸ್ಥಾಪಕರಲ್ಲೊಬ್ಬರಾದ ಹೆನ್ರಿ ಡುನಾಂಟ್ ಹೆಸರು ಬರುತ್ತದೆ, ಸರಿಯೇ. ಆದರೆ ಖಾಸಗಿ ಸಮಿತಿಯೊಂದು ಕರೆದರೆ ರಾಜಮಹಾರಾಜರ ಪ್ರತಿನಿಧಿಗಳು ಸಹಿ ಹಾಕಲು ಬರುತ್ತಾರೆಯೇ? 1864ರ ಜಿನೀವಾ ಸಮ್ಮೇಳನಕ್ಕೆ ದೇಶಗಳಿಗೆಲ್ಲ ಆಹ್ವಾನ ಹೋದದ್ದು ಸ್ವಿಸ್ ಸರ್ಕಾರದಿಂದ. ಗಾಯಾಳು ಸೈನಿಕರ ಆರೈಕೆ ಕುರಿತ ಮೊದಲ ಜಿನೀವಾ ಒಪ್ಪಂದಕ್ಕೆ ಅಲ್ಲಿ 12 ದೇಶಗಳು ಸಹಿ ಹಾಕಿದವು. ಅಧ್ಯಕ್ಷತೆ ವಹಿಸಿದ್ದು ಜನರಲ್ ಡುಫೂರ್. 1847ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲೇ ಅಂತರ್ಯುದ್ಧ ಎದ್ದಾಗ, ಗಾಯಗೊಂಡ ಎದುರಾಳಿಗೂ ಆರೈಕೆ ಮಾಡಿ ಎಂದು ತನ್ನ ಸೈನ್ಯಕ್ಕೆ ಆಜ್ಞೆ ಕೊಟ್ಟವನು ಆತ. ಆ ಯುದ್ಧ ತಿಂಗಳೊಳಗೆ ಮುಗಿದುಹೋಯಿತು.

1949ರ ನಾಲ್ಕು ಜಿನೀವಾ ಒಪ್ಪಂದಗಳ ಮೂಲಪ್ರತಿಗಳು ಸ್ವಿಸ್ ಸರ್ಕಾರದ ವಶದಲ್ಲಿವೆ. ಯಾವ ದೇಶ ಹೊಸದಾಗಿ ಸೇರಬೇಕಿದ್ದರೂ ಆ ಸರ್ಕಾರವಿರುವ ಬರ್ನ್ ನಗರಕ್ಕೇ ಬರೆಯಬೇಕು.

ಮತ್ತೆ ರಕ್ಷಕ ರಾಷ್ಟ್ರದ ಕೆಲಸಕ್ಕೆ ಬಂದರೆ, ಈಗ ಕಾರ್ಲ್ ಲುಟ್ಸ್ ಕಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬುಡಾಪೆಸ್ಟ್‌ನಲ್ಲಿದ್ದ ಸ್ವಿಸ್ ಉಪ ಕಾನ್ಸುಲ್ ಅವರು. ಹಂಗೇರಿಯಲ್ಲಿ ಬ್ರಿಟನ್ನಿನ ಹಿತ ಕಾಯುವುದು ಸ್ವಿಸ್ ಪಾಲಿಗೆ ಬಂದಿತ್ತು; ಪ್ಯಾಲೆಸ್ಟೀನ್ ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಹಾಗಾಗಿ ಅಲ್ಲಿಗೆ ಹೋಗುವ ಯಹೂದಿಗಳ ಕಾಗದಪತ್ರ ಲುಟ್ಸ್ ಮೇಜಿಗೇ ಬರುತ್ತಿತ್ತು. 1944ರಲ್ಲಿ ಯಹೂದಿಗಳನ್ನು ಹೀಗೆ ಕಳಿಸಲು ಅವರಿಗೆ ಸಿಕ್ಕ ಅನುಮತಿ 8,000 ಜನರಿಗೆ. ಅವರು ಅದನ್ನು 8,000 ಕುಟುಂಬ ಎಂದು ಓದಿಕೊಂಡರು! ರಕ್ಷಣಾಪತ್ರಗಳಿಗೆ 1ರಿಂದ 8,000ದವರೆಗಿನ ಸಂಖ್ಯೆಗಳನ್ನೇ ಮತ್ತೆಮತ್ತೆ ಹಾಕಿದರು. ಯಾವ ಪತ್ರವೂ 8,001 ಆಗದಂತೆ ನೋಡಿಕೊಂಡರು. ನಗರದ 76 ಕಟ್ಟಡಗಳನ್ನು ಸ್ವಿಸ್ ರಕ್ಷಣೆಗೆ ತಂದರು. ಅವುಗಳಲ್ಲೊಂದು ಗಾಜಿನ ವ್ಯಾಪಾರಿಯೊಬ್ಬನದು. ಸಾವಿರಾರು ಜನ ಅದರಲ್ಲೇ ಅಡಗಿದ್ದರು. ಲುಟ್ಸ್ ಉಳಿಸಿದ ಜೀವಗಳು 62,000ಕ್ಕೂ ಹೆಚ್ಚು ಎಂಬ ಲೆಕ್ಕವಿದೆ. ಊರಿಗೆ ಮರಳಿದಾಗ ಸಿಕ್ಕದ್ದೇನು? ಅಧಿಕಾರ ಮೀರಿದಿರಿ ಎಂಬ ಆಕ್ಷೇಪಣೆ.

ನಿರಾಶ್ರಿತರ ಪರ ನಿಂತವರನ್ನು ಹೀಗೆ ನಡೆಸಿಕೊಳ್ಳುವುದು ಅಲ್ಲಿ ಹೊಸದೇನೂ ಆಗಿರಲಿಲ್ಲ. ಜರ್ಮನ್ ಯಹೂದಿಗಳ ಪಾಸ್‌ಪೋರ್ಟಿನ ಮೇಲೆ ‘ಜೆ’ ಮುದ್ರೆ ಒತ್ತುವ ಪದ್ಧತಿ 1938ರಲ್ಲಿ ಬಂದದ್ದು ಜರ್ಮನಿಯೊಂದಿಗೆ ಸ್ವಿಸ್ ಅಧಿಕಾರಿಗಳು ನಡೆಸಿದ ಮಾತುಕತೆಯ ಬೆನ್ನಿಗೇ. ಗಡಿಯಲ್ಲಿ ಜನರನ್ನು ಗುರುತಿಸಿ ತಡೆಯಲು ಅದು ಅನುಕೂಲವಾಯಿತು. ಸೇಂಟ್ ಗಾಲನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ ಪೌಲ್ ಗ್ರೂನಿಂಗರ್ ಕಾಗದಪತ್ರಗಳಿಗೆ ಹಿಂದಿನ ತಾರೀಖು ಹಾಕಿ ನೂರಾರು ನಿರಾಶ್ರಿತರನ್ನು ಒಳಬಿಟ್ಟರು. 1939ರಲ್ಲಿ ಕೆಲಸ ಹೋಯಿತು, ಮರುವರ್ಷ ನ್ಯಾಯಾಲಯ ದಂಡಿಸಿತು. ಬಡತನದಲ್ಲೇ 1972ರಲ್ಲಿ ತೀರಿಕೊಂಡರು. ನ್ಯಾಯಾಲಯ ಅವರನ್ನು ನಿರ್ದೋಷಿ ಎಂದದ್ದು 1995ರಲ್ಲಿ. ಅದೇ ವರ್ಷ ಸ್ವಿಸ್ ಅಧ್ಯಕ್ಷ ಕಾಸ್ಪರ್ ವಿಲ್ಲಿಗರ್ ‘ಜೆ’ ಮುದ್ರೆಗಾಗಿ ಕ್ಷಮೆ ಕೇಳಿದರು. ಮಾನವೀಯತೆಗೆ ಹೆಸರಾದ ದೇಶವೆಂದು ಹೊಗಳುವವರು ಈ ಪುಟವನ್ನು ಹಾರಿಸಿ ಓದುವುದು ನನಗೆ ಒಪ್ಪಿಗೆಯಿಲ್ಲ.

ವಿಶ್ವಸಂಸ್ಥೆಯ ಯುರೋಪ್ ಕಚೇರಿ ಇರುವುದು ಜಿನೀವಾದಲ್ಲಿ. ಸ್ವಿಟ್ಜರ್‌ಲೆಂಡ್ ಮಾತ್ರ ವಿಶ್ವಸಂಸ್ಥೆಯ ಸದಸ್ಯನಾದದ್ದು 2002ರಲ್ಲಿ, ಅದೂ ಜನಮತ ಕೇಳಿ! ಹೀಗೆ ತಡವಾಗಿ ಬಂದವರೇ, ಹೆಸರು ಕೆಡಿಸಿಕೊಂಡಿದ್ದ ಹಳೆಯ ಮಾನವ ಹಕ್ಕುಗಳ ಆಯೋಗವನ್ನು ತೆಗೆದು ಮಂಡಳಿ ಮಾಡಿ ಎಂದು ಮುಂದೆ ನಿಂತು ವಾದಿಸಿದರು. 47 ಸದಸ್ಯರ ಆ ಮಂಡಳಿ 2006ರಲ್ಲಿ ಹುಟ್ಟಿತು.

ಬಾಡಿಗೆ ಬಂದೂಕಿನ ಕಂಪನಿಗಳಿಗೂ ಯುದ್ಧದ ಕಾನೂನು ಅನ್ವಯಿಸುತ್ತದೆಯೇ? 2007ರಲ್ಲಿ ಬಾಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಕಂಪನಿಯ ಕಾವಲುಗಾರರ ಗುಂಡಿಗೆ 17 ಇರಾಕಿಗಳು ಸತ್ತಾಗ ಜಗತ್ತು ಈ ಪ್ರಶ್ನೆ ಕೇಳಿತು. ಸ್ವಿಸ್ ಸರ್ಕಾರ ರೆಡ್‌ಕ್ರಾಸ್ ಜೊತೆಗೂಡಿ 2006ರಲ್ಲೇ ಈ ಚರ್ಚೆ ಎತ್ತಿತ್ತು. 2008ರ ಮಾಂತ್ರೋ ದಸ್ತಾವೇಜು ಅದರ ಫಲ. ಇದು ಯಾರನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ. ಇರುವ ಕಾನೂನನ್ನೇ ಬಿಡಿಸಿ ಹೇಳುತ್ತದೆ. ಮೊದಲು ಒಪ್ಪಿದ 17 ದೇಶಗಳಲ್ಲಿ ಇಂಥ ಕಾವಲುಗಾರರನ್ನು ಕಳಿಸಿದ ಅಮೆರಿಕವೂ ಇತ್ತು, ಅವರ ಗುಂಡು ತಿಂದ ಇರಾಕೂ ಇತ್ತು.