ಕಣಿವೆ ಮುಳುಗಿತು, ಹಾಡು ಉಳಿಯಿತು: ಇಂಡಿಯನ್ ಓಷನ್ ಬ್ಯಾಂಡ್‌ನ ಲೆಕ್ಕಾಚಾರ

ಇಯರ್‌ಫೋನ್ ಹಾಕ್ಕೊಂಡು ಕೇಳೋಕೆ ಆಗದವರಿಗೆ ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ, ಅಲ್ಲಲ್ಲಿ ಮಾತಿನ ಧಾಟಿ ಹಾಗೇ ಉಳಿದಿದೆ.

ಈ ವಾರದ ಪ್ರಶ್ನೆ ಒಂದೇ. ಒಂದು ಬ್ಯಾಂಡ್ ಸಿನಿಮಾ ಹಾಡು ಹಾಡದೆ, ಮದುವೆ ಆರ್ಡರ್ ಹಿಡಿಯದೆ, ರೈತರ ಹಾಡು, ನದಿ ಹಾಡು, ಕಬೀರನ ಪದ ಹಾಡ್ಕೊಂಡು ಮೂವತ್ತು ವರ್ಷಕ್ಕಿಂತ ಹೆಚ್ಚು ಬದುಕೋಕೆ ಆಗುತ್ತಾ? ನಾನು ಬಿ.ಕಾಂ. ಓದಿದವನು. ಹಾಗಾಗಿ ನನ್ನ ತಲೆಗೆ ಮೊದಲು ಬರೋದು ರಾಗ ಅಲ್ಲ, ದುಡ್ಡು ಎಲ್ಲಿಂದ ಬಂತು ಅನ್ನೋದು. ಆ ಕಡೆಯಿಂದಲೇ ಇಂಡಿಯನ್ ಓಷನ್ ಬ್ಯಾಂಡ್ ಕಥೆ ನೋಡೋಣ.

ಹೆಸರು ಗೊತ್ತಿಲ್ಲ ಅಂತೀರಾ? ನೀವು ಕೇಳಿರ್ತೀರಿ. 2015ರ 'ಮಸಾನ್' ಸಿನಿಮಾದ 'ತೂ ಕಿಸೀ ರೇಲ್ ಸೀ' ಹಾಡು ಎಷ್ಟು ರೀಲ್ಸ್‌ಗಳ ಹಿಂದೆ ಓಡಿಲ್ಲ ಹೇಳಿ. ಆ ಹಾಡಿನ ಪಲ್ಲವಿ ಹಿಂದಿ ಕವಿ ದುಷ್ಯಂತ್ ಕುಮಾರ್ ಅವರದ್ದು, ಉಳಿದ ಸಾಲು ವರುಣ್ ಗ್ರೋವರ್ ಅವರದ್ದು, ಸಂಗೀತ ಇಂಡಿಯನ್ ಓಷನ್‌ದು. ಅಂದ್ರೆ ಸಿನಿಮಾವನ್ನ ಪೂರ್ತಿ ಬಿಟ್ಟವರೇನಲ್ಲ. ಆದ್ರೆ ಅವರ ಅಡಿಪಾಯ ಅದಲ್ಲ.

ಬ್ಯಾಂಡ್ ಶುರುವಾಗಿದ್ದು 1990ರಲ್ಲಿ, ದೆಹಲಿಯಲ್ಲಿ. ಗಿಟಾರ್‌ಗೆ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡುಗಾರಿಕೆಗೆ ಅಶೀಮ್ ಚಕ್ರವರ್ತಿ. 1991ರಲ್ಲಿ ಬೇಸ್ ಗಿಟಾರ್ ಹಿಡಿದು ರಾಹುಲ್ ರಾಮ್ ಸೇರಿಕೊಂಡ್ರು, 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಮ್. ಬಹಳ ಕಾಲ ಇಂಡಿಯನ್ ಓಷನ್ ಅಂದ್ರೆ ಈ ನಾಲ್ವರೇ.

ಇವರ ಸಂಗೀತಕ್ಕೆ ಪತ್ರಿಕೆಗಳು 'ಫ್ಯೂಷನ್' ಅಂತ ಬರೀತಾವೆ. ನನಗೆ ಆ ಪದ ಅಷ್ಟಕ್ಕಷ್ಟೆ. ನಮ್ಮಲ್ಲಿ ಫ್ಯೂಷನ್ ಅಂದ್ರೆ ಸಾಮಾನ್ಯವಾಗಿ ಏನಾಗುತ್ತೆ? ಒಬ್ಬರು ಕೀಬೋರ್ಡ್ ನುಡಿಸ್ತಾರೆ, ಆಮೇಲೆ ಮೃದಂಗದವರ ಸರದಿ, ಆಮೇಲೆ ಪಿಟೀಲು, ಕೊನೆಗೆ ಎಲ್ಲರೂ ಸೇರಿ ಜೋರಾಗಿ ಬಾರಿಸಿ ಚಪ್ಪಾಳೆ. ಬಫೆ ಊಟದ ತಟ್ಟೆ ಥರ, ಎಲ್ಲಾ ಇದೆ, ಯಾವುದೂ ಯಾವುದರ ಜೊತೆಗೂ ಬೆರೆತಿಲ್ಲ. ಇಂಡಿಯನ್ ಓಷನ್‌ನಲ್ಲಿ ಹಾಗಲ್ಲ. ಅಶೀಮ್ ಅವರನ್ನೇ ನೋಡಿ. ಶಾಸ್ತ್ರೀಯ ಕಛೇರಿಯಲ್ಲಿ ತಬಲಾದವರು ಪಕ್ಕವಾದ್ಯ, ಮುಖ್ಯ ಕಲಾವಿದರ ಮುಖ ನೋಡ್ಕೊಂಡು ನುಡಿಸಬೇಕು. ಇಲ್ಲಿ ತಬಲಾ ನುಡಿಸುವವರೇ ಮುಖ್ಯ ಗಾಯಕ. ಕೈಯೊಂದು ಕೆಲಸ, ಗಂಟಲೊಂದು ಕೆಲಸ, ಎರಡೂ ಒಂದೇ ಉಸಿರಲ್ಲಿ. ಆ ಒಂದು ಬದಲಾವಣೆಯಿಂದಲೇ ಹಾಡಿನ ನಡಿಗೆ ಬದಲಾಗುತ್ತೆ. ಸುಸ್ಮಿತ್ ಗಿಟಾರ್ ರಾಕ್ ಗಿಟಾರ್ ಥರ ಕಿರುಚಲ್ಲ, ಒಂದು ತಂತಿ ಶ್ರುತಿಯ ಹಾಗೆ ಮೊಳಗ್ತಾ ಇರುತ್ತೆ, ಅದರ ಮೇಲೆ ಸ್ವರಗಳು ಓಡಾಡ್ತವೆ. ಅಮಿತ್ ಡ್ರಮ್ಸ್ ಬಿಟ್ಟು ಆಗಾಗ ಗಬ್‌ಗುಬಿ ಹಿಡಿತಾರೆ. ಅದು ಬಂಗಾಳದ ಬಾವುಲ್ ಹಾಡುಗಾರರ ತಂತಿವಾದ್ಯ. ನಮ್ಮ ಎಲ್ಲಮ್ಮನ ಹಾಡಿನ ಚೌಡಿಕೆ ಕೇಳಿದ್ದೀರಲ್ಲ, ಅದರ ದಾಯಾದಿ ಅನ್ಕೊಳ್ಳಿ.

ಈಗ ರಾಹುಲ್ ರಾಮ್ ಬಗ್ಗೆ. ಉದ್ದ ಕೂದಲು, ಗಡಸು ದನಿ, ಸ್ಟೇಜ್ ಮೇಲೆ ಹಾಡಿಗಿಂತ ಮುಂಚೆ ಕಥೆ ಹೇಳುವವರು. ಇವರು ನಮ್ಮ ಕಡೆಯವರು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ತಂದೆ ಸಸ್ಯವಿಜ್ಞಾನಿ ಪ್ರೊ. ಎಚ್.ವೈ. ಮೋಹನ್ ರಾಮ್, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ತಾತ ಹೊಳೆನರಸೀಪುರದ ಯೋಗಾನರಸಿಂಹಂ, ಮೇಷ್ಟ್ರು, ಕರ್ನಾಟಕ ಸಂಗೀತದ ವಾಗ್ಗೇಯಕಾರ. ದೊಡ್ಡಪ್ಪ ಎಚ್.ವೈ. ಶಾರದಾ ಪ್ರಸಾದ್, ಇಂದಿರಾ ಗಾಂಧಿ ಅವರ ಮಾಧ್ಯಮ ಸಲಹೆಗಾರ, ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಪುಸ್ತಕವನ್ನ ಇಂಗ್ಲಿಷಿಗೆ ತಂದವರು. ದೊಡ್ಡಪ್ಪ ಪ್ರಧಾನಿ ಕಚೇರಿಯಲ್ಲಿದ್ದವರು, ಮಗ ಮಾತ್ರ ಸರ್ಕಾರ ಕಟ್ಟುತ್ತಿದ್ದ ಅಣೆಕಟ್ಟೆಗೆ ಎದುರಾಗಿ ಕೂತವರ ಜೊತೆ. ಒಂದೇ ಮನೆಯಲ್ಲಿ ಎಷ್ಟು ಥರದ ದಾರಿ ನೋಡಿ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಬಂದ ರಾಹುಲ್, ಕೆಲಸ ಹಿಡಿಯೋದು ಬಿಟ್ಟು ನರ್ಮದಾ ಬಚಾವೋ ಆಂದೋಲನದ ಜೊತೆ ಓಡಾಡಿದ್ರು. ಮೇಧಾ ಪಾಟ್ಕರ್ ಮುಂದೆ ನಿಂತಿದ್ದ ಚಳವಳಿ ಅದು. ಗುಜರಾತಿನ ಸರ್ದಾರ್ ಸರೋವರ ಅಣೆಕಟ್ಟೆಯಿಂದ ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್ ಸೇರಿ ಸುಮಾರು 245 ಹಳ್ಳಿಗಳಿಗೆ ನೀರು ನುಗ್ಗುವ ಲೆಕ್ಕ ಇತ್ತು. ಶರಾವತಿ ಕಡೆಯವರಿಗೆ, ಹಳೇ ಬಾಗಲಕೋಟೆಯವರಿಗೆ 'ಮುಳುಗಡೆ' ಅನ್ನೋ ಪದವನ್ನ ನಾನು ಬಿಡಿಸಿ ಹೇಳಬೇಕಿಲ್ಲ. ಆ ಕಣಿವೆಯಲ್ಲಿ ನರ್ಮದೆಗೆ ಇನ್ನೊಂದು ಹೆಸರು ರೇವಾ. ಊರೂರು ತಿರುಗುವಾಗ ಅಲ್ಲಿಯ ಜನ ಹಾಡ್ತಿದ್ದ ನದಿತಾಯಿಯ ಹಾಡೊಂದು ರಾಹುಲ್ ಕಿವಿಗೆ ಬಿತ್ತು. ಅದೇ ಮುಂದೆ 'ಮಾ ರೇವಾ' ಆಯ್ತು.

ಈ ಹಾಡನ್ನ ಒಮ್ಮೆ ಗಮನ ಇಟ್ಟು ಕೇಳಿ. ಅದರಲ್ಲಿ ಅಣೆಕಟ್ಟೆ ಅನ್ನೋ ಮಾತಿಲ್ಲ, ಸರ್ಕಾರಕ್ಕೆ ಧಿಕ್ಕಾರ ಇಲ್ಲ. ನದಿಯನ್ನ ಹೊಗಳುವ ಭಕ್ತಿಯ ಹಾಡು, ಅಷ್ಟೆ. ಅದನ್ನ ಹಾಡುತ್ತಿದ್ದ ಜನ ಎಲ್ಲಿ ನಿಂತು ಹಾಡ್ತಿದ್ರು ಅಂತ ಗೊತ್ತಾದಾಗ ಮಾತ್ರ ಅರ್ಥ ತಿರುಗಿಬೀಳುತ್ತೆ. ಘೋಷಣೆ ಹಾಡಿಗಿಂತ ಇದು ಗಟ್ಟಿ ಅಂತ ನನ್ನ ಅನಿಸಿಕೆ. ಘೋಷಣೆಗೆ ಆಯಸ್ಸು ಕಡಿಮೆ. ಮಂತ್ರಿ ಬದಲಾದ್ರೆ ಹಳಸಿಹೋಗುತ್ತೆ.

'ಮಾ ರೇವಾ' ಇದ್ದ 'ಕಂದೀಸಾ' ಆಲ್ಬಮ್ ಬಂದಿದ್ದು 2000ನೇ ಇಸವಿಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡಕ್ಕೆ ಒಂದರ ಬಹುಮತದಲ್ಲಿ ಅಣೆಕಟ್ಟೆ ಕಟ್ಟೋಕೆ ಒಪ್ಪಿಗೆ ಕೊಟ್ಟಿತು. 2017ರ ಸೆಪ್ಟೆಂಬರ್‌ನಲ್ಲಿ 138.68 ಮೀಟರ್ ಪೂರ್ತಿ ಎತ್ತರದ ಅಣೆಕಟ್ಟೆಯನ್ನ ಉದ್ಘಾಟಿಸಿದ್ರು. ಹಾಡು ಅಣೆಕಟ್ಟೆ ನಿಲ್ಲಿಸಲಿಲ್ಲ. ಕಾಲೇಜ್ ಫೆಸ್ಟ್‌ಗಳಲ್ಲಿ ಆ ಹಾಡಿಗೆ ಕುಣಿಯುವವರಲ್ಲಿ ಎಷ್ಟು ಜನರಿಗೆ ಆ ಊರುಗಳ ಹೆಸರು ಗೊತ್ತು? ಈ ಪ್ರಶ್ನೆಯನ್ನ ಪಕ್ಕಕ್ಕೆ ಸರಿಸೋಕೆ ನನಗೆ ಇಷ್ಟ ಇಲ್ಲ, ಮುಂದೆ ಮತ್ತೆ ಬರ್ತೀನಿ.

'ಕಂದೀಸಾ' ಆಲ್ಬಮ್ ಬಗ್ಗೆ ಇನ್ನೊಂದೆರಡು ಮಾತು, ಯಾಕಂದ್ರೆ ಅದೊಂದು ವಿಚಿತ್ರ ಕ್ಯಾಸೆಟ್. ಶೀರ್ಷಿಕೆ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ, ಭಾಷೆ ಸಿರಿಯಾಕ್, ಅಂದ್ರೆ ಅರಮಾಯಿಕ್ ಕುಟುಂಬದ್ದು. ಅದರ ಪಕ್ಕದಲ್ಲೇ ನರ್ಮದೆಯ ಹಾಡು. ಇನ್ನೊಂದು 'ಹಿಲ್ಲೆ ಲೇ', ಗೋರಖ್ ಪಾಂಡೆ ಭೋಜ್‌ಪುರಿಯಲ್ಲಿ ಬರೆದ ರೈತರ ಹಾಡು, ಎಡಪಂಥೀಯ ಮೆರವಣಿಗೆಗಳಲ್ಲಿ ಹಾಡ್ತಿದ್ದುದು. ಚರ್ಚು, ನದಿ, ಕೆಂಪು ಬಾವುಟ ಮೂರೂ ಒಂದೇ ಕ್ಯಾಸೆಟ್‌ನಲ್ಲಿ. ಮಾರಿದ್ದು ಟೈಮ್ಸ್ ಮ್ಯೂಸಿಕ್ ಅನ್ನೋ ದೊಡ್ಡ ಕಂಪನಿ. ಯಾವ ಮಾರ್ಕೆಟಿಂಗ್ ಮ್ಯಾನೇಜರ್ ಕೂಡ ಕೂತು ಯೋಚಿಸಿ ಮಾಡೋ ಪ್ಲಾನ್ ಅಲ್ಲ ಇದು.

ಹಾಗಾದ್ರೆ ಧೈರ್ಯ ಎಲ್ಲಿಂದ ಬಂತು? ನನ್ನ ಪ್ರಕಾರ ಉತ್ತರ ಸ್ಟೇಜ್. 1997ರ 'ಡೆಸರ್ಟ್ ರೇನ್' ಆಲ್ಬಮ್ ಸ್ಟುಡಿಯೋದಲ್ಲಿ ಮಾಡಿದ್ದಲ್ಲ, ಆ ವರ್ಷದ ಜನವರಿ 1ರಂದು ದೆಹಲಿಯಲ್ಲಿ ನಡೆದ ಕಾರ್ಯಕ್ರಮದ ಲೈವ್ ರೆಕಾರ್ಡಿಂಗ್. ಆ ಕಾರ್ಯಕ್ರಮ ಮಾಡಿದ್ದು ಸಹಮತ್ ಸಂಸ್ಥೆ. ಯಾಕೆ ಜನವರಿ 1? 1989ರಲ್ಲಿ ಅದೇ ದಿನ ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿ ಬೀದಿ ನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿ ಮೇಲೆ ದಾಳಿ ನಡೆಯಿತು, ಮರುದಿನ ಅವರು ತೀರಿಕೊಂಡ್ರು. ಅವರ ನೆನಪಿಗೆ ಕಲಾವಿದರು ಸೇರುವ ದಿನ ಅದು. ಅಂಥ ಜಾಗದಲ್ಲಿ ನುಡಿಸಿದ್ದು ಬ್ಯಾಂಡ್‌ನ ಹೆಸರುವಾಸಿ ಆಲ್ಬಮ್ ಆಯ್ತು.

ಈಗ ನನ್ನ ಇಷ್ಟದ ವಿಷಯಕ್ಕೆ ಬರ್ತೀನಿ. ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಅಂದ್ರೆ ಹೇಗಿರುತ್ತೆ ಗೊತ್ತಾ? ಕಂಪನಿ ಮೊದಲೇ ಸ್ವಲ್ಪ ಹಣ ಕೊಡುತ್ತೆ. ಆಮೇಲೆ ಮಾರಾಟದಲ್ಲಿ ನಿಮ್ಮ ಪಾಲಿಗೆ ಬರೋ ರಾಯಲ್ಟಿಯಿಂದ ಮೊದಲು ಆ ಹಣವನ್ನ ಮುರ್ಕೊಳ್ಳುತ್ತೆ. ಬಾಕಿ ಉಳಿದ್ರೆ ನಿಮಗೆ. ಹಾಡಿನ ಮಾಲೀಕತ್ವ ಬಹುಪಾಲು ಕಂಪನಿ ಹತ್ತಿರವೇ. ಕಾನ್ಸರ್ಟ್‌ನಲ್ಲಿ ಹಾಗಲ್ಲ. ನುಡಿಸಿದ್ರೆ ಹಣ. ಇಂಡಿಯನ್ ಓಷನ್ ಹೊಟ್ಟೆ ತುಂಬಿಸಿದ್ದು ಮುಖ್ಯವಾಗಿ ಕಾನ್ಸರ್ಟ್‌ಗಳು. ಇದನ್ನ ಅವರು ಒಪ್ಪಿಕೊಂಡು, 2010ರಲ್ಲಿ '16/330 ಖಜೂರ್ ರೋಡ್' ಅನ್ನೋ ಆಲ್ಬಮ್‌ನ ಏಳು ಹಾಡುಗಳನ್ನ ತಿಂಗಳಿಗೊಂದರಂತೆ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಬಿಟ್ರು. ಹೆಸರು ದೆಹಲಿಯ ಕರೋಲ್ ಬಾಗ್‌ನಲ್ಲಿ ಅವರು ಪ್ರಾಕ್ಟೀಸ್ ಮಾಡ್ತಿದ್ದ ಹಳೇ ಮನೆಯ ವಿಳಾಸ. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಎಲ್ಲರೂ ಆಲ್ಬಮ್ಮನ್ನ ಸರಕು ಅಂತ ಬರ್ಕೊಂಡಿದ್ರು, ಇವರು ಅದನ್ನ ಜಾಹೀರಾತು ಖರ್ಚಿಗೆ ಹಾಕಿದ್ರು. ಸರಕು ಅಂದ್ರೆ ಲೈವ್ ಷೋ. ಇವತ್ತು ಸ್ಟ್ರೀಮಿಂಗ್‌ನಿಂದ ಬರೋ ಚಿಲ್ಲರೆ ನೋಡಿ ಬೇಸತ್ತ ಎಷ್ಟೋ ಕಲಾವಿದರು ಇದೇ ದಾರಿ ಹಿಡಿದಿದ್ದಾರೆ. ಆಗ ಭಾರತದಲ್ಲಿ ಅದು ದೊಡ್ಡ ಹೆಜ್ಜೆ.

ಇದರ ಒಂದು ಪರಿಣಾಮ ಗಮನಿಸಿ. ಕೇಳುಗರು ನೇರವಾಗಿ ಹಣ ಕೊಡುವಾಗ, ಹಾಡನ್ನ ಮೂರು ನಿಮಿಷಕ್ಕೆ ಕತ್ತರಿಸು, ಆ ರೈತರ ಹಾಡು ಬಿಡು ಅಂತ ಹೇಳೋಕೆ ಮಧ್ಯದಲ್ಲಿ ಯಾರೂ ಇರಲ್ಲ. ಪೂರ್ತಿ ಸ್ವಾತಂತ್ರ್ಯ ಅಂತ ನಾನು ಹೇಳ್ತಿಲ್ಲ. ದೊಡ್ಡ ಷೋಗಳ ಹಿಂದೆ ಪ್ರಾಯೋಜಕರು ಇದ್ದೇ ಇರ್ತಾರೆ. ಆದ್ರೆ ಒಬ್ಬ ಪ್ರಾಯೋಜಕ ಮುನಿಸಿಕೊಂಡ್ರೆ ಒಂದು ಸಂಜೆ ಹೋಗುತ್ತೆ. ಕಂಪನಿ ಮುನಿಸಿಕೊಂಡ್ರೆ ಆಲ್ಬಮ್ಮೇ ಹೋಗುತ್ತೆ.

ಸಿನಿಮಾಕ್ಕೆ ಹೋದಾಗಲೂ ಸುಲಭದ್ದನ್ನ ಆರಿಸಿಕೊಂಡಿಲ್ಲ. ಅನುರಾಗ್ ಕಶ್ಯಪ್ ಅವರ 'ಬ್ಲ್ಯಾಕ್ ಫ್ರೈಡೇ' 1993ರ ಮುಂಬೈ ಸ್ಫೋಟದ ಕಥೆ. ವಿಚಾರಣೆ ಮುಗಿದಿಲ್ಲ ಅಂತ ಕೋರ್ಟ್ ತಡೆ ಬಿದ್ದು, 2004ರಲ್ಲೇ ಸಿದ್ಧವಾಗಿದ್ದ ಚಿತ್ರ ತೆರೆಗೆ ಬಂದಿದ್ದು 2007ರ ಫೆಬ್ರವರಿಯಲ್ಲಿ. ಅದರ 'ಬಂದೇ' ಹಾಡಿಗೆ ಪೀಯೂಷ್ ಮಿಶ್ರಾ ಸಾಹಿತ್ಯ. ಹಿಂಸೆಯ ಬಗ್ಗೆ ಯಾರ ಪಕ್ಷವನ್ನೂ ವಹಿಸದೆ ಕೇಳುವ ಹಾಡು, ಇವತ್ತಿಗೂ ಷೋಗಳಲ್ಲಿ ಜನ ಕೂಗಿ ಕೇಳೋದು ಅದನ್ನೇ.

ಆಮೇಲೆ ಕಷ್ಟದ ಕಾಲ. 2009ರ ಡಿಸೆಂಬರ್ 25ರಂದು ಅಶೀಮ್ ಚಕ್ರವರ್ತಿ ತೀರಿಕೊಂಡ್ರು. ಖಜೂರ್ ರೋಡ್ ಹಾಡುಗಳು ಹೊರಬಂದಿದ್ದು ಅವರು ಹೋದ ಮೇಲೆ. ಬಿ.ಕಾಂ. ಮಾಡಿದವರಿಗೆ ನೆನಪಿರುತ್ತೆ, 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ ಒಬ್ಬ ಪಾಲುದಾರ ಸತ್ತ ಕೂಡಲೇ ಫರ್ಮ್ ವಿಸರ್ಜನೆ. ಬ್ಯಾಂಡ್‌ಗಳ ವಿಷಯದಲ್ಲೂ ಸಾಮಾನ್ಯವಾಗಿ ಅದೇ ಆಗೋದು. ಇವರು ನಿಲ್ಲಿಸಲಿಲ್ಲ. ಅಶೀಮ್ ಒಬ್ಬರ ಜಾಗಕ್ಕೆ ಇಬ್ಬರು ಬೇಕಾಯ್ತು, ಹಾಡೋಕೆ ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. 2013ರಲ್ಲಿ ಬ್ಯಾಂಡ್ ಹುಟ್ಟುಹಾಕಿದ ಸುಸ್ಮಿತ್ ಸೇನ್ ಕೂಡ ಹೊರನಡೆದ್ರು, ಗಿಟಾರ್‌ಗೆ ನಿಖಿಲ್ ರಾವ್ ಬಂದ್ರು. ಮೊದಲ ದಿನದ ಇಬ್ಬರಲ್ಲಿ ಒಬ್ಬರೂ ಉಳಿದಿಲ್ಲ. ಇದು ಅದೇ ಬ್ಯಾಂಡಾ? ಹಳೇ ಅಭಿಮಾನಿಗಳು ಇವತ್ತಿಗೂ ಜಗಳ ಆಡ್ತಾರೆ. ಗಿಟಾರ್ ಬದಲಾಗಿದ್ದು ಕಿವಿಗೆ ಗೊತ್ತಾಗುತ್ತೆ, ನಿಜ. ಆದ್ರೆ 2014ರ 'ತಂದಾನು'ದಲ್ಲಿ ಶುಭಾ ಮುದ್ಗಲ್, ಶಂಕರ್ ಮಹಾದೇವನ್ ಥರದವರನ್ನ ಕರೆದು ಹಾಡಿದ್ರು, 2023ರಲ್ಲಿ 'ತೂ ಹೈ' ತಂದ್ರು. ಹೆಸರಿನ ಗುಡ್‌ವಿಲ್ ಮೇಲೆ ಹಳೇ ಹಾಡನ್ನೇ ತಿರುಗಿಸಿ ಮಾರುವವರಾಗಿದ್ರೆ ಇದೆಲ್ಲ ಬೇಕಿರಲಿಲ್ಲ. ಈ ನಡುವೆ ರಾಹುಲ್ ರಾಮ್, ವರುಣ್ ಗ್ರೋವರ್ ಮತ್ತು ಸಂಜಯ್ ರಾಜೌರಾ ಜೊತೆ 'ಐಸಿ ತೈಸಿ ಡೆಮಾಕ್ರಸಿ' ಅಂತ ರಾಜಕೀಯ ನಗೆ ಕಾರ್ಯಕ್ರಮವನ್ನೂ ಶುರು ಮಾಡಿದ್ರು. ಬ್ಯಾಂಡ್ ಹಾಡಿನಲ್ಲಿ ನೇರವಾಗಿ ಹೇಳದ್ದನ್ನ ಅಲ್ಲಿ ನೇರವಾಗಿಯೇ ಹೇಳ್ತಾರೆ.

ಬಾಕಿ ಉಳಿದ ಪ್ರಶ್ನೆಗೆ ಬರ್ತೀನಿ. ಮುಳುಗಿದ ಕಣಿವೆಯ ಹಾಡಿಂದ ಬರುವ ಹಣದಲ್ಲಿ ಕಣಿವೆಯವರ ಪಾಲೆಷ್ಟು? ಕಾನೂನು ಕೇಳಿದ್ರೆ, ಏನೂ ಇಲ್ಲ. ಜನಪದ ಹಾಡಿಗೆ ಬರೆದವರ ಹೆಸರಿಲ್ಲ, ಹೆಸರಿಲ್ಲದವರಿಗೆ ರಾಯಲ್ಟಿ ಇಲ್ಲ. ಈ ಕೊರತೆ ಇಂಡಿಯನ್ ಓಷನ್ ಒಂದಕ್ಕೇ ಸೇರಿದ್ದಲ್ಲ, ಜನಪದ ಹಾಡು ಎತ್ತಿಕೊಂಡ ಪ್ರತಿ ಬ್ಯಾಂಡ್, ಪ್ರತಿ ಸಿನಿಮಾದ್ದೂ ಹೌದು, ನಮ್ಮ ಕನ್ನಡ ಸಿನಿಮಾವೂ ಸೇರಿ. ವ್ಯತ್ಯಾಸ ಇಷ್ಟೆ: ಎಷ್ಟೋ ಜನ ಹಾಡು ಎತ್ತಿಕೊಂಡು ಊರಿನ ಹೆಸರು ಅಳಿಸ್ತಾರೆ. ರಾಹುಲ್ ರಾಮ್ ಹಾಡಿಗೆ ಮುಂಚೆ ಮೈಕ್ ಹಿಡಿದು ಹಾಡು ಎಲ್ಲಿಯದು ಅಂತ ಹೇಳ್ತಾರೆ. ನನಗೆ ಅದು ಸಾಲದು ಅನಿಸುತ್ತೆ. ಹಾಗಂತ ಅದು ಸಣ್ಣದೂ ಅಲ್ಲ. ಕುಣಿಯೋಕೆ ಬಂದವರಲ್ಲಿ ಹತ್ತು ಜನ ಮನೆಗೆ ಹೋಗಿ ನರ್ಮದಾ ಅಂತ ಹುಡುಕಿದ್ರೂ, ಆ ಹತ್ತು ಜನರನ್ನ ಯಾವ ಪತ್ರಿಕೆ ಲೇಖನವೂ ಹಾಗೆ ಹಿಡಿದು ನಿಲ್ಲಿಸ್ತಿರಲಿಲ್ಲ.

ಕೇಳೋಕೆ ಶುರು ಮಾಡುವವರಿಗೆ ನನ್ನ ಸಲಹೆ: ಮೊದಲು 'ಡೆಸರ್ಟ್ ರೇನ್', ಲೈವ್ ಆಗಿ ಹೇಗಿದ್ರು ಅಂತ ಗೊತ್ತಾಗುತ್ತೆ. ಆಮೇಲೆ 'ಕಂದೀಸಾ' ಪೂರ್ತಿ, ಷಫಲ್ ಆಫ್ ಮಾಡಿ. 'ಮಾ ರೇವಾ' ಬಂದಾಗ ಬೇಸ್ ಗಿಟಾರ್ ಮೇಲೆ ಕಿವಿ ಇಡಿ, ಫೋನ್ ಸ್ಪೀಕರ್‌ನಲ್ಲಿ ಅದು ಕೇಳಲ್ಲ, ಇಯರ್‌ಫೋನ್ ಬೇಕೇ ಬೇಕು. ನಿಮ್ಮ ಊರ ಕಡೆ ಹಾಡ್ತಿದ್ದ, ಈಗ ಯಾರೂ ಹಾಡದ ನದಿ ಹಾಡು ಅಜ್ಜಿಗೋ ಅಮ್ಮನಿಗೋ ನೆನಪಿದ್ರೆ ರೆಕಾರ್ಡ್ ಮಾಡಿ ನನಗೆ ವಾಯ್ಸ್ ನೋಟ್ ಕಳಿಸಿ. ಹಾಡಿದವರ ಹೆಸರು, ಊರು ಎರಡನ್ನೂ ಮರೀದೆ ಹೇಳಿ.